ಇದರಲ್ಲಿ ಪುಣೆ ಎಲ್ಲಿದೆ?

ಬಾಲಗಂಧರ್ವ ರಂಗಮಂದಿರದ ಕಲಾದಾಲನದಲ್ಲಿ ಒಂದು ಭಾನುವಾರ ನಡೆದ ಸಂಗತಿಯಿಂದಲೇ ಶುರುಮಾಡುತ್ತೇನೆ. ಪುಣೆಯಲ್ಲಿ ಆರ್ಟ್ ಗ್ಯಾಲರಿಗೆ ಕಲಾದಾಲನ ಎನ್ನುತ್ತಾರೆ. ಜುಲೈ ತಿಂಗಳು, ಹೊರಗೆ ಜಿಟಿಜಿಟಿ ಮಳೆ. ಚಿತ್ರಗಳನ್ನೆಲ್ಲ ಒಂದು ಸುತ್ತು ನೋಡಿ, ಮಳೆ ನಿಲ್ಲಲಿ ಎಂದು ಕುರ್ಚಿಯೊಂದರಲ್ಲಿ ಕುಳಿತು ನನ್ನದೇ ಸ್ಕೆಚ್ ಪುಸ್ತಕ ತಿರುವಿಹಾಕುತ್ತಿದ್ದೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು ಕತ್ತು ಚಾಚಿ ನೋಡಿದರು. ಸಂಕೋಚದಿಂದಲೇ ಪುಸ್ತಕ ಅವರ ಕೈಗೆ ಕೊಟ್ಟೆ. ಒಂದೊಂದೇ ಪುಟ ತಿರುವಿದರು. ಅಡಿಕೆ ತೋಟ, ಹೆಂಚಿನ ಮನೆ, ಮನೆಯಂಗಳದ ತುಳಸಿಕಟ್ಟೆ, ಹಂಪಿಯ ಕಲ್ಲಿನ ರಥ, ಮಳೆಯಲ್ಲಿ ಕಂಬಳಿಕೊಪ್ಪೆ ಹೊದ್ದು ನಿಂತ ಮುದುಕ, ಮತ್ತೆ ಅಡಿಕೆ ತೋಟ.

“ಕೈ ಚೆನ್ನಾಗಿದೆ. ಪುಣೆಯಲ್ಲಿ ಎಷ್ಟು ವರ್ಷ?” ಎಂದು ಮರಾಠಿಯಲ್ಲಿ ಕೇಳಿದರು. ಹದಿನಾಲ್ಕು ಎಂದೆ. ಅವರು ಪುಸ್ತಕ ಮುಚ್ಚಿ ಹಿಂತಿರುಗಿಸುತ್ತಾ, “ಆಣಿ ಯಾತ ಪುಣೆ ಕುಠೆ?” ಎಂದರು. ಇದರಲ್ಲಿ ಪುಣೆ ಎಲ್ಲಿದೆ? ಕುಹಕವೇನೂ ಇರಲಿಲ್ಲ, ನಿಜಕ್ಕೂ ತಿಳಿದುಕೊಳ್ಳಲು ಕೇಳಿದಂತಿತ್ತು. ನನ್ನ ಬಳಿ ಉತ್ತರವಿರಲಿಲ್ಲ. ಮಳೆ ನಿಂತಿತೆಂದು ನೆಪ ಹೇಳಿ ಎದ್ದುಬಂದೆ. ಮಳೆಯೇನೂ ನಿಂತಿರಲಿಲ್ಲ.

ನಾನು ಸಾಗರ ತಾಲ್ಲೂಕಿನ ಹಳ್ಳಿಯವನು. 2010ರಲ್ಲಿ ಕೆಲಸ ಹುಡುಕಿಕೊಂಡು ಪುಣೆಗೆ ಬಂದೆ. ಭೋಸರಿಯ ಕಾರ್ಖಾನೆಯೊಂದರಲ್ಲಿ ಯಂತ್ರದ ಬಿಡಿಭಾಗಗಳ ಡ್ರಾಯಿಂಗ್ ಮಾಡುವುದು ನನ್ನ ಹೊಟ್ಟೆಪಾಡು. ವಾರವಿಡೀ ಕಂಪ್ಯೂಟರ್ ಮುಂದೆ ಕುಳಿತು ಒಂದು ಮಿಲಿಮೀಟರಿನ ನೂರನೇ ಒಂದು ಭಾಗದ ಲೆಕ್ಕದಲ್ಲಿ ಗೆರೆ ಎಳೆಯುತ್ತೇನೆ. ಭಾನುವಾರ ಜಲವರ್ಣದ ಡಬ್ಬಿ ತೆಗೆಯುತ್ತೇನೆ. ಆರು ದಿನ ತಪ್ಪಲೇಬಾರದ ಗೆರೆ ಎಳೆದ ಕೈಗೆ ಏಳನೆಯ ದಿನ ನೀರು ತನಗೆ ತೋಚಿದತ್ತ ಹರಿಯುವುದನ್ನು ನೋಡುವುದೇ ಒಂದು ಸುಖ. ನಮ್ಮ ಕನ್ನಡ ಬಳಗದ ರಾಜ್ಯೋತ್ಸವ ಸಂಚಿಕೆಗೆ ಏಳೆಂಟು ವರ್ಷದಿಂದ ಮುಖಪುಟ ಬರೆದುಕೊಡುವವನು ನಾನೇ. ಆ ಮುಖಪುಟಗಳನ್ನು ಸಾಲಾಗಿ ಜೋಡಿಸಿದರೆ ಒಂದರಲ್ಲೂ ನಾನಿರುವ ಊರಿಲ್ಲ ಎಂಬುದು ಆ ಹಿರಿಯರು ಕೇಳುವವರೆಗೆ ಹೊಳೆದಿರಲಿಲ್ಲ.

ಆ ಪ್ರಶ್ನೆ ಹೊತ್ತುಕೊಂಡು ಒಂದೂವರೆ ವರ್ಷ ಪುಣೆಯ ಪ್ರದರ್ಶನಗಳನ್ನು ಸುತ್ತಿದೆ. ತಿಂಗಳಿಗೆ ಒಂದೋ ಎರಡೋ ಭಾನುವಾರ. ನಿಮ್ಮೂರಿನಲ್ಲೂ ಇಂಥ ಗ್ಯಾಲರಿಗಳಿರುತ್ತವೆ. ಮುಂಬೈಯಲ್ಲಿದ್ದರೆ ಜಹಾಂಗೀರ್, ಬೆಂಗಳೂರಿನಲ್ಲಿದ್ದರೆ ಚಿತ್ರಕಲಾ ಪರಿಷತ್ತು. ಪುಣೆಯದ್ದನ್ನು ಹೇಳುತ್ತೇನೆ, ನಿಮ್ಮದಕ್ಕೆ ಹೊಂದಿಸಿಕೊಳ್ಳಿ.

ಚಿಂಚವಾಡದ ಕಡೆಯಿರುವ ನಮ್ಮಂಥವರಿಗೆ ಈಗ ಮೆಟ್ರೊ ಬಂದು ದಾರಿ ಸಲೀಸಾಗಿದೆ. ಪಿಸಿಎಂಸಿ ನಿಲ್ದಾಣದಲ್ಲಿ ಹತ್ತಿ, ಸಿವಿಲ್ ಕೋರ್ಟಿನಲ್ಲಿ ನೆಲದಾಳದಿಂದ ಎಸ್ಕಲೇಟರ್ ಮೇಲೆ ಎಸ್ಕಲೇಟರ್ ಏರಿ ಮೇಲಿನ ಮಾರ್ಗಕ್ಕೆ ಬದಲಾಯಿಸಬೇಕು. ಅಲ್ಲಿಂದ ಎರಡನೆಯ ನಿಲ್ದಾಣ ಛತ್ರಪತಿ ಸಂಭಾಜಿ ಉದ್ಯಾನ. ಇಳಿದರೆ ಒಂದು ಕಡೆ ಮುಠಾ ನದಿ, ಇನ್ನೊಂದು ಕಡೆ ಜಂಗಲಿ ಮಹಾರಾಜ ರಸ್ತೆ. ಬಾಲಗಂಧರ್ವ ಅಲ್ಲೇ.

ಈ ರಂಗಮಂದಿರಕ್ಕೆ 1962ರಲ್ಲಿ ಅಡಿಗಲ್ಲು ಹಾಕಿದವರು ಸ್ವತಃ ನಟ ಬಾಲಗಂಧರ್ವರು. ಕಟ್ಟಡ ಮುಗಿದು ಬಾಗಿಲು ತೆರೆದದ್ದು 1968ರ ಜೂನ್ 26ಕ್ಕೆ, ಅವರ ಹುಟ್ಟುಹಬ್ಬದ ದಿನ. ಅಷ್ಟರೊಳಗೆ ಅವರು ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ಅವರ ಬಾಳಿನ ಕೊನೆಯ ಭಾಗದ ಸಂಗಾತಿ ಗೋಹರಬಾಯಿ ಕರ್ನಾಟಕಿ ನಮ್ಮ ವಿಜಯಪುರ ಸೀಮೆಯ ಬೀಳಗಿಯ ಕಡೆಯವರು, ಗಾಯಕಿ ಅಮೀರಬಾಯಿ ಕರ್ನಾಟಕಿಯವರ ಅಕ್ಕ. ಒಳಗೆ ಗೋಪಾಲ ದೇವಸ್ಕರ್ ಬರೆದ ಬಾಲಗಂಧರ್ವರ ತೈಲಚಿತ್ರಗಳಿವೆ; ಒಂದರಲ್ಲಿ ಗಂಡುವೇಷ, ಇನ್ನೊಂದರಲ್ಲಿ ಹೆಣ್ಣುವೇಷ. ಪ್ರದರ್ಶನಕ್ಕೆ ಹೋದವರು ಅವನ್ನೂ ನೋಡಿಕೊಂಡು ಬನ್ನಿ. ಮುಖ ಒಂದೇ ಆಗಿದ್ದೂ ಇಬ್ಬರು ಬೇರೆ ಬೇರೆ ಜನ ಎನಿಸುವ ಹಾಗೆ ಬರೆದಿದ್ದಾರೆ.

ಕಲಾದಾಲನದಲ್ಲಿ ಪ್ರದರ್ಶನಗಳು ಕೆಲವೇ ದಿನ ಇದ್ದು ಬದಲಾಗುತ್ತವೆ. ಕಲಾಶಾಲೆಯ ಹುಡುಗರು, ನಿವೃತ್ತರಾದ ಬ್ಯಾಂಕ್ ಅಧಿಕಾರಿಗಳು, ಚಿತ್ರಕಲಾ ಶಿಕ್ಷಕರು, ಎಲ್ಲರೂ ಇಡುತ್ತಾರೆ. ಚಪ್ಪಲಿ ಹಾಕಿಕೊಂಡು, ತರಕಾರಿ ಚೀಲ ಹಿಡಿದುಕೊಂಡೇ ಒಳಗೆ ಹೋಗಬಹುದಾದ ಜಾಗ. ಹೆಚ್ಚಿನ ಚಿತ್ರಗಳಲ್ಲಿ ಸಹ್ಯಾದ್ರಿಯ ಕೋಟೆಗಳು, ವಾರಕರಿಗಳು, ಗಣಪತಿ, ಪೇಟೆಗಳ ಹಳೆಯ ವಾಡೆಗಳು ಇರುತ್ತವೆ. ವಾಡೆಯೆಂದರೆ ನಡುವೆ ಅಂಗಳವಿರುವ ಮರದ ಕಂಬಗಳ ದೊಡ್ಡ ಮನೆ. ಶನಿವಾರ ಪೇಟೆ, ಸದಾಶಿವ ಪೇಟೆಗಳಲ್ಲಿ ಎಷ್ಟೋ ವಾಡೆಗಳು ಬಿದ್ದು ಅಪಾರ್ಟ್‌ಮೆಂಟ್ ಎದ್ದಿವೆ. ಆದರೆ ಕ್ಯಾನ್ವಾಸಿನ ಮೇಲೆ ಅವು ಇನ್ನೂ ನಿಂತಿವೆ. ಇದನ್ನು ಗಮನಿಸಿದಾಗ ನನಗೆ ಒಂಥರಾ ಸಮಾಧಾನವಾಯಿತು. ಊರು ಬಿಟ್ಟುಬಂದ ನಾನೊಬ್ಬನೇ ಅಲ್ಲ, ಊರಿನಲ್ಲೇ ಇದ್ದ ಪುಣೇಕರರೂ ಕಳೆದುಹೋದ ಊರನ್ನೇ ಬರೆಯುತ್ತಿದ್ದಾರೆ. ಆದರೆ ಆ ಸಮಾಧಾನ ಹೆಚ್ಚು ದಿನ ಉಳಿಯಲಿಲ್ಲ. ಇಪ್ಪತ್ತು ವಾಡೆಗಳನ್ನು ಸಾಲಾಗಿ ನೋಡಿದ ಮೇಲೆ ಎಲ್ಲ ಬಾಗಿಲುಗಳೂ ಒಂದೇ ಥರ ಕಾಣತೊಡಗಿದವು. ನನ್ನ ಅಡಿಕೆ ತೋಟಗಳೂ ನೋಡುವವರಿಗೆ ಹೀಗೇ ಕಂಡಿರಬಹುದಲ್ಲ?

ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ಘೋಲೆ ರಸ್ತೆಯಲ್ಲಿ ಪಾಲಿಕೆಯ ಇನ್ನೊಂದು ಗ್ಯಾಲರಿಯಿದೆ. ಅದಕ್ಕೆ ರಾಜಾ ರವಿವರ್ಮನ ಹೆಸರು. ಕೇರಳದ ಚಿತ್ರಕಾರನ ಹೆಸರು ಪುಣೆಯಲ್ಲಿ ಯಾಕೆ ಎಂದು ಅನ್ನಿಸಿದರೆ, ಇಲ್ಲಿಂದ ಲೋಣಾವಳಾ ಲೋಕಲ್ ಹತ್ತಿ ಮಳವಲಿ ಎಂಬ ಸಣ್ಣ ಸ್ಟೇಷನ್ನಿನವರೆಗೆ ಹೋಗಬೇಕು. ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಶುರುಮಾಡಿದ ಕಲ್ಲಚ್ಚಿನ ಮುದ್ರಣಾಲಯ ಕೆಲವು ವರ್ಷಗಳಲ್ಲೇ ಮಳವಲಿಗೆ ಬಂತು. ಆಮೇಲೆ ಅದನ್ನು ಅಲ್ಲೇ ತಂತ್ರಜ್ಞನಾಗಿದ್ದ ಜರ್ಮನ್ ಫ್ರಿಟ್ಜ್ ಶ್ಲೈಶರ್ ಕೊಂಡುಕೊಂಡ. 1972ರಲ್ಲಿ ಬೆಂಕಿ ಬಿದ್ದು ಮುದ್ರಣಾಲಯ ಸುಟ್ಟುಹೋಯಿತು. ನಮ್ಮಜ್ಜಿಯ ದೇವರಕೋಣೆಯಲ್ಲಿದ್ದ, ಕಮಲದ ಮೇಲೆ ನಿಂತ ಲಕ್ಷ್ಮಿ, ವೀಣೆ ಹಿಡಿದ ಸರಸ್ವತಿ, ನಿಮ್ಮಜ್ಜಿಯ ಮನೆಯಲ್ಲೂ ಇದ್ದಿರಬಹುದಾದ ಆ ಪಟಗಳ ತವರು ಈ ಮುದ್ರಣಾಲಯ. ನಾನು ಮಲೆನಾಡನ್ನು ಪುಣೆಯಲ್ಲಿ ಕೂತು ನೆನೆಯುತ್ತಿದ್ದೆ. ಮಲೆನಾಡಿನ ದೇವರಕೋಣೆಯ ದೇವರುಗಳೇ ಪುಣೆ ಜಿಲ್ಲೆಯಿಂದ ರೈಲು ಹತ್ತಿ ಬಂದವರು!

ರವಿವರ್ಮನ ಹೆಸರು ಬಂದಾಗಲೆಲ್ಲ ನನಗೊಂದು ಹಳೆಯ ಪೆಟ್ಟು ನೆನಪಾಗುತ್ತದೆ. ಒಮ್ಮೆ ನನ್ನ ಚಿತ್ರಗಳನ್ನು ಗ್ಯಾಲರಿಯೊಂದರವರಿಗೆ ತೋರಿಸಿದ್ದೆ. ಅವರು ನಯವಾಗಿಯೇ, “ಕ್ಯಾಲೆಂಡರಿಗೆ ಬಹಳ ಚೆನ್ನಾಗಿ ಒಪ್ಪುತ್ತವೆ” ಎಂದಿದ್ದರು. ತಿಂಗಳುಗಟ್ಟಲೆ ಕುಂಚ ಮುಟ್ಟಿರಲಿಲ್ಲ. ಈಗ ಅನ್ನಿಸುತ್ತದೆ, ಕ್ಯಾಲೆಂಡರ್ ಆಗುವುದರಲ್ಲಿ ಅವಮಾನವೇನಿಲ್ಲ. ರವಿವರ್ಮ ತನ್ನ ಕಾಲದಲ್ಲಿ ಕಾಣಬೇಕಾದ್ದನ್ನು ತಾನೇ ಕಂಡು ಬರೆದ, ಅದು ಕ್ಯಾಲೆಂಡರ್ ಆಯಿತು. ನಾನು ಕ್ಯಾಲೆಂಡರ್ ನೋಡಿ ಬರೆಯುತ್ತಿದ್ದೆ. ವ್ಯತ್ಯಾಸ ಅಷ್ಟೇ, ಆದರೆ ಸಣ್ಣದಲ್ಲ. ಯಾಕೆಂದರೆ ನನ್ನ ಅಡಿಕೆ ತೋಟಗಳಲ್ಲಿ ಮುಕ್ಕಾಲು ಪಾಲು ನಾನು ತೋಟದಲ್ಲಿ ನಿಂತು ಬರೆದದ್ದಲ್ಲ, ಫೋನಿನಲ್ಲಿ ಬಂದ ಫೋಟೊ ನೋಡಿ ಬರೆದದ್ದು.

ಇಷ್ಟು ಹಳೆಯ ಪುಣೆಯ ಸುತ್ತಾಟ. ಹೊಸ ಬಗೆಯ ಕಲೆ ನೋಡಲು ನದಿ ದಾಟಿ ಪೂರ್ವಕ್ಕೆ ಹೋಗಬೇಕು. ರೈಲ್ವೆ ಸ್ಟೇಷನ್ ಹತ್ತಿರದ ಕನಾಟ್ ರಸ್ತೆಯಲ್ಲಿ ಹಳೆಯ ಹೋಟೆಲ್ ಕಟ್ಟಡವೊಂದನ್ನು ಟಿಫಾ ವರ್ಕಿಂಗ್ ಸ್ಟುಡಿಯೋಸ್ ಎಂದು ಕಲಾವಿದರ ಕೆಲಸದ ಜಾಗವನ್ನಾಗಿ ಮಾಡಿದ್ದಾರೆ. ಇನ್ನೂ ಮುಂದೆ ಬಂಡ್ ಗಾರ್ಡನ್ ಮೆಟ್ರೊ ಇಳಿದು ಕೋರೆಗಾಂವ್ ಪಾರ್ಕಿನ ಆಲದ ಮರಗಳ ಗಲ್ಲಿಗಳಲ್ಲಿ ನಡೆದರೆ ವಿಡಾ ಹೈದರಿ ಕಂಟೆಂಪರರಿಯಂಥ ಖಾಸಗಿ ಗ್ಯಾಲರಿಗಳು. ಮೊದಲ ಸಲ ಇಂಥ ಗ್ಯಾಲರಿಯ ಗಾಜಿನ ಬಾಗಿಲ ಮುಂದೆ ಎರಡು ಸಲ ಆಚೀಚೆ ಅಡ್ಡಾಡಿ ಹಿಂದೆ ಬಂದಿದ್ದೇನೆ. ಟಿಕೆಟ್ ಇದೆಯೋ, ಕೊಳ್ಳದವರನ್ನು ಬಿಡುತ್ತಾರೋ, ನನ್ನ ಇಂಗ್ಲಿಷ್ ಸಾಕೋ ಎಂಬ ಅಳುಕು. ಒಳಗೆ ಹೋದ ಮೇಲೆ ತಿಳಿಯಿತು, ಟಿಕೆಟ್ಟೂ ಇಲ್ಲ, ಯಾರೂ ಏನನ್ನೂ ಕೇಳುವುದೂ ಇಲ್ಲ.

ಕೇಳುವವರಿಲ್ಲ ನಿಜ, ಅರ್ಥ ಹೇಳುವವರೂ ಇಲ್ಲ. ಬಿಳಿ ಗೋಡೆ, ನೆಲದ ಮೇಲೆ ಹರಡಿದ ಹಗ್ಗ, ಕತ್ತಲೆ ಕೋಣೆಯಲ್ಲಿ ಓಡುವ ವಿಡಿಯೊ, ಪಕ್ಕದಲ್ಲಿ ಕಡಲೆಕಾಳಿನಷ್ಟು ಅಕ್ಷರಗಳಲ್ಲಿ ಬರೆದ ಇಂಗ್ಲಿಷ್ ಟಿಪ್ಪಣಿ. ಮೊದಮೊದಲು ಟಿಪ್ಪಣಿ ಓದಿ ಚಿತ್ರ ನೋಡುತ್ತಿದ್ದೆ, ಎರಡೂ ತಿಳಿಯುತ್ತಿರಲಿಲ್ಲ. ಆಮೇಲೆ ಕಾರ್ಖಾನೆಯ ಬುದ್ಧಿಯನ್ನೇ ಉಪಯೋಗಿಸಿದೆ. ನಮ್ಮಲ್ಲಿ ಹೊಸ ಬಿಡಿಭಾಗ ಕೈಗೆ ಬಂದರೆ ಮೊದಲು ಕೇಳುವುದು ಮೂರು ಪ್ರಶ್ನೆ: ಇದನ್ನು ಯಾವುದರಿಂದ ಮಾಡಿದ್ದು? ಹೇಗೆ ಮಾಡಿದ್ದು? ಇಲ್ಲಿಗೆ ಬರುವ ಮೊದಲು ಇದು ಎಲ್ಲಿತ್ತು? ಇದೇ ಮೂರು ಪ್ರಶ್ನೆಗಳನ್ನು ಕಲಾಕೃತಿಯ ಮುಂದೆ ನಿಂತು ಕೇಳಿಕೊಂಡರೆ, ಅರ್ಥವಾಗದಿದ್ದರೂ ಒಂದು ಪರಿಚಯವಾಗುತ್ತದೆ. ಇನ್ನೊಂದು ನಿಯಮವನ್ನೂ ಹಾಕಿಕೊಂಡೆ: ಒಂದು ಭಾನುವಾರಕ್ಕೆ ಮೂರೇ ಕೃತಿ. ಒಂದರ ಮುಂದೆ ಹತ್ತು ನಿಮಿಷ. ಉಳಿದವನ್ನು ಕಣ್ಣಾಡಿಸಿ ಬಿಟ್ಟುಬಿಡುವುದು.

ಮೂರನೆಯ ಪ್ರಶ್ನೆ, ಇದು ಮೊದಲು ಎಲ್ಲಿತ್ತು ಎಂಬುದು, ನನ್ನನ್ನು ಹತ್ತು ವರ್ಷ ಹಿಂದಕ್ಕೆ ಎಳೆದೊಯ್ದಿತು. 2013ರ ಆರಂಭದಲ್ಲಿ ಗೆಳೆಯರ ಜೊತೆ ಕೊಚ್ಚಿಗೆ ಹೋಗಿದ್ದೆ. ಮೊದಲ ಕೊಚ್ಚಿ ಮುಜಿರಿಸ್ ಬಿನಾಲೆ ನಡೆಯುತ್ತಿತ್ತು. ಆಸ್ಪಿನ್‌ವಾಲ್ ಹೌಸ್ ಎಂಬ ಹಳೆಯ ವ್ಯಾಪಾರಿ ಕೋಠಿಯಲ್ಲಿ, ಕಡಲಿನ ಅಂಚಿನವರೆಗೂ ರುಬ್ಬುವ ಕಲ್ಲುಗಳು ಬಿದ್ದಿದ್ದವು. ಒಂದೆರಡಲ್ಲ, ನೂರಕ್ಕೂ ಹೆಚ್ಚು. ಶೀಲಾ ಗೌಡ ಮತ್ತು ಕ್ರಿಸ್ಟೊಫ್ ಸ್ಟೋರ್ಜ್ ಮಾಡಿದ ‘ಸ್ಟಾಪ್‌ಓವರ್’ ಎಂಬ ಕೃತಿ ಅದು. ನಾನು ನಕ್ಕಿದ್ದೆ. “ಇದಕ್ಕೆ ಕೊಚ್ಚಿಗೆ ಬರಬೇಕಿತ್ತೇ? ನಮ್ಮನೆ ಹಿತ್ತಲಲ್ಲಿ ಎರಡಿವೆ” ಎಂದು ಗೆಳೆಯರಿಗೆ ಹೇಳಿ, ಒಂದರ ಮೇಲೆ ಕಾಲಿಟ್ಟಂತೆ ಫೋಟೊ ಬೇರೆ ತೆಗೆಸಿಕೊಂಡಿದ್ದೆ.

ಆ ಕಲ್ಲುಗಳು ಬೆಂಗಳೂರಿನವು. ಹಳೆಯ ಮನೆಗಳನ್ನು ಕೆಡವಿ ಫ್ಲಾಟು ಕಟ್ಟಿದಾಗ, ಮಿಕ್ಸಿ ಬಂದ ಮೇಲೆ ಬೇಡವಾದಾಗ, ಜನ ಅವನ್ನು ಮುರಿಯಲೂ ಮನಸ್ಸಾಗದೆ, ಇಟ್ಟುಕೊಳ್ಳಲೂ ಜಾಗವಿಲ್ಲದೆ ರಸ್ತೆಬದಿಗೆ ತಂದು ಬಿಟ್ಟಿದ್ದರು. ಶೀಲಾ ಗೌಡ ನಮ್ಮದೇ ಜಿಲ್ಲೆಯ ಭದ್ರಾವತಿಯಲ್ಲಿ 1957ರಲ್ಲಿ ಹುಟ್ಟಿದವರು. ಬೆಂಗಳೂರಿನ ಕೆನ್ ಕಲಾಶಾಲೆ, ಶಾಂತಿನಿಕೇತನ, ಲಂಡನ್ನಿನಲ್ಲಿ ಓದಿ, ಚಿತ್ರ ಬರೆಯುತ್ತಿದ್ದವರು ಕ್ರಮೇಣ ಸಗಣಿ, ಕುಂಕುಮ ಹಚ್ಚಿದ ದಾರ, ಡಾಂಬರಿನ ಡ್ರಮ್ಮು, ಕೂದಲಿನ ಹಗ್ಗ ಇಂಥವನ್ನು ಕೈಗೆತ್ತಿಕೊಂಡರು. ನಾನೂ ಅದೇ ರುಬ್ಬುವ ಕಲ್ಲನ್ನು ಎಷ್ಟೋ ಸಲ ಬರೆದಿದ್ದೇನೆ: ಅಮ್ಮ ಅಡುಗೆಮನೆಯಲ್ಲಿ ಕೂತು ದೋಸೆಗೆ ರುಬ್ಬುತ್ತಿರುವಂತೆ, ಕಿಟಕಿಯಿಂದ ಬಿಸಿಲು ಬೀಳುತ್ತಿರುವಂತೆ. ನಿಜವೆಂದರೆ ನಮ್ಮಮ್ಮ ಇಪ್ಪತ್ತು ವರ್ಷದಿಂದ ಆ ಕಲ್ಲು ಮುಟ್ಟಿಲ್ಲ. ಮೊಣಕಾಲು ನೋವು, ಗ್ರೈಂಡರ್ ಇದೆ. ಕಲ್ಲು ಹಿತ್ತಲಲ್ಲಿ ಮಳೆನೀರು ತುಂಬಿಕೊಂಡು ಕೂತಿದೆ, ಕಾಗೆ ನೀರು ಕುಡಿಯುತ್ತದೆ. ಶೀಲಾ ಗೌಡ ಕಲ್ಲು ಈಗ ಎಲ್ಲಿದೆಯೋ ಅಲ್ಲಿ ಅದನ್ನು ನೋಡಿದರು. ನಾನು ಅದು ಎಲ್ಲಿರಬೇಕೆಂದು ಆಸೆಪಟ್ಟೆನೋ ಅಲ್ಲಿ ಬರೆದೆ. ಹತ್ತು ವರ್ಷ ತಡವಾಗಿ, ಕೋರೆಗಾಂವ್ ಪಾರ್ಕಿನ ಗಲ್ಲಿಯೊಂದರಲ್ಲಿ ಚಹಾ ಕುಡಿಯುತ್ತಾ ಇದು ಹೊಳೆದಾಗ ನನ್ನ ಆ ಫೋಟೊದ ನೆನಪಿಗೆ ನಾಚಿಕೆಯಾಯಿತು.

ಹಾಗಾದರೆ ನಾಳೆಯಿಂದ ನಾನೂ ಕಲ್ಲು ಹೊತ್ತು ತಂದು ನೆಲದಲ್ಲಿಡಲೇ? ಬೇಡ. ಪ್ರದರ್ಶನ ನೋಡಿದವರು ಮೊದಲು ಬೀಳುವ ಗುಂಡಿಯೇ ಇದು, ಕಂಡದ್ದನ್ನು ಹಾಗೆಯೇ ಮಾಡಲು ಹೋಗುವುದು. ನಾನೂ ಬಿದ್ದಿದ್ದೇನೆ. ಒಂದು ಪ್ರದರ್ಶನ ನೋಡಿಬಂದು ಎರಡು ತಿಂಗಳು ಬರೀ ಕಪ್ಪು ಚೌಕಗಳನ್ನು ಬರೆದೆ. ಹೆಂಡತಿ ಒಂದು ದಿನ, “ಆಫೀಸಿನ ಕೆಲಸ ಮನೆಗೆ ತಂದ್ರಾ?” ಎಂದಳು. ಅಲ್ಲಿಗೆ ಬಿಟ್ಟೆ. ಬೇರೆಯವರ ಶೈಲಿ ನಮಗೆ ಬೇಕಾಗಿಲ್ಲ, ಅವರು ಎಲ್ಲಿ ನಿಂತು ನೋಡಿದರು ಎಂಬುದಷ್ಟೇ ಬೇಕು.

ಇದನ್ನು ನನಗೆ ಸರಿಯಾಗಿ ಕಲಿಸಿದವರು ಸುಧೀರ್ ಪಟವರ್ಧನ್. 1949ರಲ್ಲಿ ಪುಣೆಯಲ್ಲೇ ಹುಟ್ಟಿ, ಇಲ್ಲಿಯ ಸೈನಿಕ ವೈದ್ಯಕೀಯ ಕಾಲೇಜಿನಿಂದ 1972ರಲ್ಲಿ ಡಾಕ್ಟರಾಗಿ ಹೊರಬಂದವರು. ಮರುವರ್ಷ ಮುಂಬೈಗೆ ಹೋದರು. ಆಮೇಲೆ ಠಾಣೆಯಲ್ಲಿ 2005ರವರೆಗೂ ರೇಡಿಯಾಲಜಿಸ್ಟ್ ಆಗಿದ್ದರು. ಹಗಲು ಎಕ್ಸ್-ರೇ ನೋಡುವುದು, ಉಳಿದ ಹೊತ್ತು ಚಿತ್ರ. ಭಾನುವಾರದ ಚಿತ್ರಗಾರನಾದ ನನಗೆ ಮೊದಲು ಹಿಡಿಸಿದ್ದೇ ಇದು. ಬರೆದದ್ದೆಲ್ಲ ದಿನಾ ಕಂಡದ್ದು: ಇರಾನಿ ಹೋಟೆಲಿನಲ್ಲಿ ಒಂಟಿಯಾಗಿ ಕುಳಿತವನು, ಲೋಕಲ್ ರೈಲಿನ ಜನ, ಲೋವರ್ ಪರೇಲಿನ ಗಿರಣಿಗಳ ಜಾಗ, ಠಾಣೆಯ ಗುಡ್ಡ ಅಗೆದು ಏಳುವ ಕಟ್ಟಡಗಳು. ತಾನು ಯಾರನ್ನು ಬರೆದೆನೋ ಅವರು ಆ ಚಿತ್ರದಲ್ಲಿ ತಮ್ಮನ್ನು ಗುರುತಿಸಿಕೊಳ್ಳಬೇಕು ಎಂಬುದು ಅವರ ಹಂಬಲ. 2008-09ರಲ್ಲಿ ಸಮಕಾಲೀನ ಕಲೆಯನ್ನು ಮುಂಬೈಯಾಚೆಗೆ ಮಹಾರಾಷ್ಟ್ರದ ಊರೂರುಗಳಿಗೆ ಒಯ್ದ ಸಂಚಾರಿ ಪ್ರದರ್ಶನವನ್ನೂ ಅವರು ರೂಪಿಸಿದ್ದರು.

ಬೆಳಗಾವಿಯಿಂದ ಬಂದ ಇನ್ನೊಬ್ಬರನ್ನೂ ನೆನೆಯಬೇಕು. ರವಿ ಪರಾಂಜಪೆ 1935ರಲ್ಲಿ ಬೆಳಗಾವಿಯಲ್ಲಿ ಹುಟ್ಟಿ, ಅಲ್ಲಿ ಕೆ. ಬಿ. ಕುಲಕರ್ಣಿಯವರ ಬಳಿ ಕಲಿತು, ಕೊನೆಗೆ ಪುಣೆಯಲ್ಲಿ ನೆಲೆನಿಂತು 2022ರಲ್ಲಿ ಇಲ್ಲೇ ತೀರಿಕೊಂಡರು. ಜಾಹೀರಾತಿಗೆ, ಪತ್ರಿಕೆಗಳಿಗೆ, ಇನ್ನೂ ಕಟ್ಟಬೇಕಾದ ಕಟ್ಟಡಗಳು ಹೇಗೆ ಕಾಣುತ್ತವೆಂದು ವಾಸ್ತುಶಿಲ್ಪಿಗಳಿಗೆ, ಹೀಗೆ ಹೊಟ್ಟೆಪಾಡಿನ ಚಿತ್ರವನ್ನೇ ಜೀವಮಾನವಿಡೀ ಬರೆದು ಅದನ್ನೇ ಕಲೆ ಮಾಡಿದವರು. ಕೆಲಸದ ಗೆರೆ ಬೇರೆ, ಕಲೆಯ ಗೆರೆ ಬೇರೆ ಎಂದು ನಾನು ಹಾಕಿಕೊಂಡಿದ್ದ ಬೇಲಿ ಅವರ ಚಿತ್ರಗಳ ಮುಂದೆ ಸಡಿಲವಾಯಿತು.

ಇಷ್ಟೆಲ್ಲ ಆದ ಮೇಲೂ ಏನು ಬರೆಯಬೇಕು ಎಂಬುದು ಗ್ಯಾಲರಿಯಲ್ಲಿ ಸಿಗಲಿಲ್ಲ. ಸಿಕ್ಕಿದ್ದು ನಮ್ಮ ಮನೆಯ ಹತ್ತಿರದ ಚೌಕದಲ್ಲಿ. ಬೆಳಿಗ್ಗೆ ಏಳೂವರೆಗೆ ಆ ಚೌಕದಲ್ಲಿ ಕೂಲಿ ಕೆಲಸದವರು ನಿಂತಿರುತ್ತಾರೆ. ಇಲ್ಲಿ ಅದಕ್ಕೆ ‘ಮಜೂರ್ ಅಡ್ಡಾ’ ಎನ್ನುತ್ತಾರೆ. ಗುತ್ತಿಗೆದಾರರು ಬೈಕಿನಲ್ಲಿ ಬಂದು ನಾಲ್ಕು ಜನ, ಆರು ಜನ ಎಂದು ಕರೆದುಕೊಂಡು ಹೋಗುತ್ತಾರೆ. ಹದಿನಾಲ್ಕು ವರ್ಷ ನಾನು ಆ ಚೌಕ ದಾಟಿಯೇ ಕೆಲಸಕ್ಕೆ ಹೋಗಿದ್ದೇನೆ, ಸಿಗ್ನಲ್ ಹಸಿರಾಗುವುದನ್ನು ನೋಡಿದ್ದೇನೆಯೇ ಹೊರತು ಅವರನ್ನು ನೋಡಿಲ್ಲ. ಒಂದು ಶನಿವಾರ ಕಾರ್ಖಾನೆಗೆ ರಜೆ. ಚಹಾದಂಗಡಿಯ ಪಕ್ಕ ನಿಂತು ಸ್ಕೆಚ್ ಪುಸ್ತಕ ತೆಗೆದೆ. ಕಿವಿಗೆ ಕನ್ನಡ ಬಿತ್ತು. ಒಬ್ಬಿಬ್ಬರದಲ್ಲ, ಅರ್ಧ ಗುಂಪಿನದು. ಶಹಾಪುರ, ಸುರಪುರ, ಜೇವರ್ಗಿಯ ಕಡೆಯ ಜನ. ಪುಣೆಯಲ್ಲಿ ಕನ್ನಡ ಕೇಳಬೇಕೆಂದು ನಾವು ಸಭಾಂಗಣ ಬಾಡಿಗೆಗೆ ಹಿಡಿದು ಕಾರ್ಯಕ್ರಮ ಮಾಡುತ್ತೇವೆ. ನಾನಿರುವ ಫ್ಲಾಟಿನ ಗೋಡೆಗಳನ್ನು ಎಬ್ಬಿಸಿದವರೇ ಕನ್ನಡ ಮಾತಾಡುತ್ತಾ ಎಬ್ಬಿಸಿರಬಹುದು.

ಕದ್ದು ಬರೆಯುವುದು ಸರಿಯೆನಿಸಲಿಲ್ಲ. ಹತ್ತಿರ ಹೋಗಿ ಕನ್ನಡದಲ್ಲೇ ಕೇಳಿದೆ. ನಕ್ಕರು. ನಡುವಯಸ್ಸಿನ ಹೆಂಗಸೊಬ್ಬರು, “ಬರ್ಕೋರಿ, ಅದಕ್ಕೇನ್ ರೊಕ್ಕ ಬೀಳ್ತದೇನು” ಎಂದರು. ಹತ್ತು ನಿಮಿಷದಲ್ಲಿ ಬರೆದೆ. ಸೀರೆಯ ಮೇಲೆ ಗಂಡಸರ ಅಂಗಿ, ತಲೆಗೆ ಸುತ್ತಿದ ಟವೆಲು, ಬಲಗೈ ಸೊಂಟದ ಮೇಲೆ. ನನಗೇ ಮೆಚ್ಚುಗೆಯಾಗಿ ಅವರಿಗೆ ತೋರಿಸಿದೆ. ಸ್ವಲ್ಪ ಹೊತ್ತು ನೋಡಿದರು.

“ಚಂದ ಅದರಿ. ಖರೆ, ನಾ ಹಿಂಗ ಸುಮ್ನ ನಿಂತಿಲ್ರೀ. ಕಾಯ್ಲಕತ್ತೀನಿ.”

ನಾನು ತಿಳಿಯದೆ ಅವರ ಮುಖ ನೋಡಿದೆ. “ಡಬ್ಬಿ ಎಲ್ಲದ? ಕಾಲಾಗ ಇಟ್ಟೀನಲ್ಲ. ಕೆಲ್ಸ ಸಿಕ್ಕೋರು ಡಬ್ಬಿ ಎತ್ಕೊಂಡ್ ಹೋಗ್ತಾರ, ಸಿಗಲಾರ್ದೋರು ಇಲ್ಲೇ ಕುಂತು ಉಂಡು ಮನಿಗಿ ಹೋಗ್ತಾರ. ಡಬ್ಬಿ ಇಲ್ದಿದ್ರ ನಾ ಯಾಕ ನಿಂತೀನಂತ ಯಾರಿಗಿ ತಿಳೀತದ?” ಎಂದರು. ನೋಡಿದೆ. ಅವರ ಕಾಲ ಬಳಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಸ್ಟೀಲಿನ ಡಬ್ಬಿ. ಎಲ್ಲರ ಕಾಲ ಬಳಿಯೂ ಒಂದೊಂದು ಡಬ್ಬಿ. ನಾನು ಸೀರೆಯ ನೆರಿಗೆ ಕೂಡಿಸುವುದರಲ್ಲಿ, ಭಂಗಿ ಚೆಂದ ಮಾಡುವುದರಲ್ಲಿ ಮುಳುಗಿ ಅದನ್ನು ಬಿಟ್ಟಿದ್ದೆ. ಕಾರ್ಖಾನೆಯ ಡ್ರಾಯಿಂಗಿನಲ್ಲಿ ಒಂದು ರಂಧ್ರ ಬಿಟ್ಟಿದ್ದರೆ ಇಡೀ ಭಾಗ ವಾಪಸ್ ಬರುತ್ತಿತ್ತು.

ಅಷ್ಟರಲ್ಲಿ ಬೈಕ್ ಬಂತು. ಐದು ಜನ ಬೇಕು ಎಂದರು. ಅವರು ಡಬ್ಬಿ ಎತ್ತಿಕೊಂಡು ಹೋದರು. ಆಮೇಲೆ ಆರು ಶನಿವಾರ, ಕೆಲವು ಬೆಳಿಗ್ಗೆ ಕೆಲಸಕ್ಕೆ ಹೋಗುವ ಮೊದಲು, ಆ ಚೌಕದಲ್ಲೇ ಬರೆದೆ. ಆಳುಗಳನ್ನಲ್ಲ, ಹೆಚ್ಚಾಗಿ ಡಬ್ಬಿಗಳನ್ನು. ಎಂಟು ಗಂಟೆಗೆ ಎಷ್ಟು, ಒಂಬತ್ತಕ್ಕೆ ಎಷ್ಟು, ಹತ್ತೂವರೆಗೆ ಇನ್ನೂ ಉಳಿದವು ಎಷ್ಟು. ಡಬ್ಬಿಯ ಮುಚ್ಚಳದ ಕೊಂಡಿಯನ್ನು ಬರೆಯುವಾಗ ನನ್ನ ಭೋಸರಿಯ ಕೈಯೇ ಕೆಲಸಕ್ಕೆ ಬಂತು. ಇಷ್ಟು ವರ್ಷ ಭಾನುವಾರ ಮರೆಯಬೇಕೆಂದುಕೊಂಡಿದ್ದ ಕೈ.

ಆ ಸರಣಿಯ ಒಂದು ಚಿತ್ರವನ್ನು ಈ ಸಲದ ರಾಜ್ಯೋತ್ಸವ ಸಂಚಿಕೆಗೆ ಕೊಟ್ಟೆ. ಬಳಗದ ಹಿರಿಯರು ಬಹಳ ಹೊತ್ತು ನೋಡಿ, “ಚೆನ್ನಾಗಿದೆ, ಆದರೆ ಹಬ್ಬದ ಮುಖಪುಟಕ್ಕೆ ಡಬ್ಬಿಯೇ? ನಿಮ್ಮ ತೋಟದ ಚಿತ್ರ ಇದ್ದರೆ ಕೊಡಿ” ಎಂದರು. ಅವರ ಮೇಲೆ ಸಿಟ್ಟಿಲ್ಲ. ವರ್ಷಕ್ಕೊಂದು ದಿನ ಜನ ಊರನ್ನು ನೋಡಬಯಸುತ್ತಾರೆ, ನಾನೂ ಬಯಸುತ್ತೇನೆ. ಕೆ. ಕೆ. ಹೆಬ್ಬಾರರು ಮುಂಬೈಯಲ್ಲಿದ್ದುಕೊಂಡೇ ತುಳುನಾಡನ್ನು ಕೊನೆಯವರೆಗೂ ಜೊತೆಗಿಟ್ಟುಕೊಂಡವರು. ನೆನಪು ತಪ್ಪಲ್ಲ, ಕಣ್ಣೆದುರಿನದನ್ನು ನೋಡದಿರಲು ನೆನಪನ್ನು ಅಡ್ಡ ಹಿಡಿಯುವುದು ತಪ್ಪು. ಕೊನೆಗೆ ತೋಟ ಮುಖಪುಟಕ್ಕೆ, ಡಬ್ಬಿಗಳು ಹಿಂಬದಿಯ ರಕ್ಷಾಪುಟಕ್ಕೆ ಎಂದು ರಾಜಿಯಾಯಿತು. ತೋಟವನ್ನು ಮಾತ್ರ ಈ ಸಲ ಫೋಟೊ ನೋಡಿ ಬರೆಯಲಿಲ್ಲ. ದಸರೆಗೆ ಊರಿಗೆ ಹೋದಾಗ ಹಿತ್ತಲಲ್ಲಿ ನಿಂತು, ಮಳೆನೀರು ತುಂಬಿದ ರುಬ್ಬುವ ಕಲ್ಲನ್ನೂ ಸೇರಿಸಿ ಬರೆದೆ. “ಇದನ್ನು ಯಾಕೆ ಬರೀತೀಯಾ, ಪಾಚಿ ಕಟ್ಟಿದೆ” ಎಂದು ಅಮ್ಮ ಬೈದರು.

ನೀವೂ ಬರೆಯುವವರಾದರೆ, ಹಾಡುವವರಾದರೆ, ಕಸೂತಿ ಹಾಕುವವರಾದರೆ, ನಿಮ್ಮ ನಗರದ ಒಂದು ಗ್ಯಾಲರಿಗೆ ಈ ಭಾನುವಾರ ಹೋಗಿಬನ್ನಿ. ಗಾಜಿನ ಬಾಗಿಲಿಗೆ ಹೆದರಬೇಡಿ, ಮೂರೇ ಕೃತಿ ನೋಡಿ, ಅದು ಯಾವುದರಿಂದ ಮಾಡಿದ್ದು, ಮೊದಲು ಎಲ್ಲಿತ್ತು ಎಂದು ಕೇಳಿಕೊಳ್ಳಿ. ಸಾಧ್ಯವಾದರೆ ಚಿತ್ರಕಾರರ ಜೊತೆ ಮಾತಾಡಿ. ಸಣ್ಣ ಪ್ರದರ್ಶನಗಳಲ್ಲಿ ಅವರು ಅಲ್ಲೇ ಮೂಲೆಯಲ್ಲಿ ಕೂತಿರುತ್ತಾರೆ, ಯಾರಾದರೂ ಮಾತಾಡಿಸಲಿ ಎಂದು ಕಾಯುತ್ತಿರುತ್ತಾರೆ. ಹೊರಗೆ ಬಂದ ಮೇಲೆ ಫೋನ್ ತೆಗೆಯದೆ ಹತ್ತು ನಿಮಿಷ ನಡೆಯಿರಿ. ನೋಡಿದ್ದರ ಫಲ ಸಿಗುವುದು ಆ ಹತ್ತು ನಿಮಿಷದಲ್ಲಿ.

ಡಬ್ಬಿಯ ಮಾತು ಹೇಳಿದ ಆ ತಾಯಿಗೆ ಕೊಡಬೇಕೆಂದು ಚಿತ್ರದ ಒಂದು ಪ್ರತಿ ತೆಗೆಸಿಟ್ಟಿದ್ದೇನೆ. ಈ ಸಲ ಡಬ್ಬಿ ಇದೆ. ಹೋದ ತಿಂಗಳು ಚೌಕದಲ್ಲಿ ವಿಚಾರಿಸಿದರೆ, ಹತ್ತಿ ಬಿಡಿಸಲು ಊರಿಗೆ ಹೋಗಿದ್ದಾರೆ, ಬರುತ್ತಾರೆ ಎಂದರು. ಬಾಲಗಂಧರ್ವದ ಆ ಹಿರಿಯರೂ ಮತ್ತೆ ಸಿಕ್ಕಿಲ್ಲ. ಇಬ್ಬರಲ್ಲಿ ಯಾರು ಮೊದಲು ಸಿಗುತ್ತಾರೋ ನೋಡಬೇಕು. ಪ್ರತಿ ಮಾತ್ರ ಬ್ಯಾಗಿನಲ್ಲೇ ಇದೆ.